ಅಜ್ಜನ ಅಂಬಾಸಿಡರಿಗೆ ಮರುಜೀವ

1957ರ ಆಗಸ್ಟ್ 23. ಅಮೆರಿಕದ ಯೂಟಾ ರಾಜ್ಯದಲ್ಲಿರುವ ಬಾನೆವಿಲ್ ಎಂಬ ಉಪ್ಪಿನ ಬಯಲು. ನೀರಿನ ಹನಿಯ ಆಕಾರದ, ನೆಲಕ್ಕೆ ಅಂಟಿಕೊಂಡಂತಿದ್ದ ಪುಟ್ಟ ಕಾರೊಂದರ ಮೂತಿಯೊಳಗೆ ಇಂಗ್ಲೆಂಡಿನ ಖ್ಯಾತ ಓಟಗಾರ ಸ್ಟರ್ಲಿಂಗ್ ಮಾಸ್ ಮಲಗಿದಂತೆ ಕುಳಿತಿದ್ದರು. ಎಂಜಿನ್ ಅವರ ಬೆನ್ನ ಹಿಂದೆ. ಆ ದಿನ ಕಾರು ಗಂಟೆಗೆ 245.64 ಮೈಲಿ, ಅಂದರೆ ಸುಮಾರು 395 ಕಿಲೋಮೀಟರ್ ವೇಗ ಮುಟ್ಟಿತು. ಒಂದೂವರೆ ಲೀಟರ್ ದರ್ಜೆಯ ಐದು ದಾಖಲೆಗಳು ಮುರಿದವು. ಕಾರಿನ ಹೆಸರು ಎಂ.ಜಿ. ಇಎಕ್ಸ್ 181.

ಬೆರಗು ಅಷ್ಟಕ್ಕೇ ಮುಗಿಯುವುದಿಲ್ಲ. ಆ ಕಾರಿನ ಎಂಜಿನ್ನಿನ ಮೂಲ, ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ' ಸರಣಿಯ 1489 ಸಿ.ಸಿ. ಎಂಜಿನ್. ಅದೇ ಸರಣಿಯ, ಅದೇ ಗಾತ್ರದ ಎಂಜಿನ್ ನಮ್ಮ ದೇಶದ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದೆ. ತಹಸೀಲ್ದಾರರನ್ನು ಹೊತ್ತಿದೆ, ಮದುವೆಯ ದಿಬ್ಬಣ ಹೊತ್ತಿದೆ, ರೈಲು ನಿಲ್ದಾಣದ ಮುಂದೆ ಟ್ಯಾಕ್ಸಿಯಾಗಿ ನಿಂತಿದೆ. ಹೌದು, ಅದು ಅಂಬಾಸಿಡರ್ ಕಾರಿನ ಎಂಜಿನ್. ಇಲ್ಲಿ ಅದು ಕೊಡುತ್ತಿದ್ದುದು ಸುಮಾರು 50 ಅಶ್ವಶಕ್ತಿ. ಬಾನೆವಿಲ್‌ನಲ್ಲಿ ಹೊಸ ತಲೆ ಹೊತ್ತು, ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಕಟ್ಟಿಕೊಂಡು ಅದರ ದಾಯಾದಿ ಕೊಟ್ಟಿದ್ದು ಸುಮಾರು 290. ಒಂದೇ ಗಾತ್ರದ ಎಂಜಿನ್ನಿನಿಂದ ಹೆಚ್ಚು ಕಡಿಮೆ ಆರು ಪಟ್ಟು ಶಕ್ತಿ! ಉಳಿದ 240 ಅಶ್ವಶಕ್ತಿ ಎಲ್ಲಿ ಅಡಗಿತ್ತು? ಅದನ್ನು ಹೊರತೆಗೆಯಲು ತೆರಬೇಕಾದ ಬೆಲೆ ಏನು? ಹಳೆಯ ಕಾರಿನ ಎಂಜಿನ್ ಬಿಚ್ಚಿ ಕಟ್ಟುವ ಪ್ರತಿಯೊಬ್ಬನೂ ಒಂದಲ್ಲ ಒಂದು ದಿನ ಈ ಪ್ರಶ್ನೆಯ ಮುಂದೆ ನಿಲ್ಲುತ್ತಾನೆ.

ಕಾರಿನ ಕುಲಗೋತ್ರವನ್ನು ಚುಟುಕಾಗಿ ಹೇಳಿಬಿಡಬಹುದು. ಹಿಂದುಸ್ತಾನ್ ಮೋಟಾರ್ಸ್ ಸ್ಥಾಪನೆಯಾದದ್ದು 1942ರಲ್ಲಿ. ಕೊಲ್ಕತ್ತದ ಬಳಿಯ ಉತ್ತರಪಾರಾದ ಕಾರ್ಖಾನೆಯಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯೇ 1950ರ ದಶಕದ ಕೊನೆಯಲ್ಲಿ ಅಂಬಾಸಿಡರ್ ಆಯಿತು. ಮೊದಲು ಇದ್ದದ್ದು ಪಕ್ಕದಲ್ಲಿ ಕವಾಟಗಳಿರುವ ಹಳೆಯ ಎಂಜಿನ್. 1959ರಲ್ಲಿ ಅದರ ಜಾಗಕ್ಕೆ ತಲೆಯ ಮೇಲೆ ಕವಾಟಗಳಿರುವ 1489 ಸಿ.ಸಿ. ಎಂಜಿನ್ ಬಂತು. 1990ರ ದಶಕದಲ್ಲಿ ಜಪಾನಿನ ಇಸುಜು ಎಂಜಿನ್ ಬರುವವರೆಗೂ ಪೆಟ್ರೋಲ್ ಅಂಬಾಸಿಡರಿಗೆ ಅದೇ ಹೃದಯ. 2014ರ ಮೇ ತಿಂಗಳಲ್ಲಿ ಉತ್ಪಾದನೆ ನಿಂತಿತು. ಆದರೆ ಎಷ್ಟೋ ಮನೆಗಳ ಹಿತ್ತಿಲ ಶೆಡ್ಡಿನಲ್ಲಿ, ಭತ್ತದ ಚೀಲಗಳ ಪಕ್ಕದಲ್ಲಿ, ಅಜ್ಜನ ಕಾಲದ ಅಂಬಾಸಿಡರ್ ಇನ್ನೂ ನಿಂತಿದೆ. ಗುಜರಿಗೆ ಹಾಕಲು ಅಜ್ಜಿ ಬಿಡುವುದಿಲ್ಲ. ಓಡಿಸಲು ಅದು ಒಪ್ಪುವುದಿಲ್ಲ.

ರೋಗ ಮೊದಲು, ಮದ್ದು ಆಮೇಲೆ

ಎಂಜಿನ್ ಬಿಚ್ಚುವ ಮೊದಲು ಅದರ ಮಾತು ಕೇಳಬೇಕು. ಹೊಗೆಯೇ ಅದರ ಭಾಷೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹಬೆ ನಿಲ್ಲದಿದ್ದರೆ ತಂಪು ನೀರು ಎಲ್ಲಿಂದಲೋ ದಹನ ಕೊಠಡಿಗೆ ನುಗ್ಗುತ್ತಿದೆ ಎಂದು ಅನುಮಾನಿಸಬೇಕು.

ಮುಂದಿನದು ಒತ್ತಡದ ಪರೀಕ್ಷೆ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಆ ತೂತಿಗೆ ಒತ್ತಡಮಾಪಕ ಹಿಡಿದು, ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿದರೆ ಪ್ರತಿ ಸಿಲಿಂಡರ್ ಎಷ್ಟು ಬಿಗಿಯಾಗಿ ಗಾಳಿ ಒತ್ತುತ್ತದೆ ಎಂದು ತಿಳಿಯುತ್ತದೆ. ಒಂದು ಸಿಲಿಂಡರಿನ ಅಂಕಿ ಉಳಿದವಕ್ಕಿಂತ ತೀರಾ ಕಡಿಮೆ ಬಂತು ಎನ್ನಿ. ಆಗ ಹಳೆಯ ಮೆಕ್ಯಾನಿಕ್ಕುಗಳು ಮಾಡುವ ಸರಳ ಪ್ರಯೋಗವೊಂದಿದೆ. ಆ ಸಿಲಿಂಡರಿನೊಳಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ತೊಂದರೆ ಪಿಸ್ಟನ್ ಉಂಗುರಗಳಲ್ಲಿ, ಏಕೆಂದರೆ ಎಣ್ಣೆ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಏರದಿದ್ದರೆ ಮೇಲಿನ ಕವಾಟಗಳು ಸೋರುತ್ತಿವೆ. ವೈದ್ಯರ ಎಷ್ಟೋ ಪರೀಕ್ಷೆಗಳಿಗಿಂತ ಇದು ಅಗ್ಗ, ತರ್ಕವೂ ಅಷ್ಟೇ ಶುದ್ಧ.

ಬಿಚ್ಚುವುದು ಯಾರಿಗೂ ಬರುತ್ತದೆ. ಬಿಚ್ಚಿದ್ದನ್ನು ನೆನಪಿಡುವುದು ಕಷ್ಟ. ಒಂದೂವರೆ ಕ್ವಿಂಟಲ್ ಆಸುಪಾಸಿನ ಎಂಜಿನ್ನನ್ನು ಸರಪಳಿ ರಾಟೆಯಿಂದ ಮೇಲೆತ್ತುವ ಮೊದಲು ಬ್ಯಾಟರಿ ಕಳಚಬೇಕು, ಪೆಟ್ರೋಲ್ ಖಾಲಿ ಮಾಡಬೇಕು. ನೇತಾಡುವ ಎಂಜಿನ್ನಿನ ಕೆಳಗೆ ಯಾರೂ ಕೈ ಕಾಲು ಚಾಚಬಾರದು. ಈ ಹಂತದಲ್ಲಿ ಹುಡುಗರ ಜೊತೆ ಅನುಭವಿಯೊಬ್ಬರು ಇರಲೇಬೇಕು. ಪ್ರತಿ ಬೋಲ್ಟು, ಪ್ರತಿ ತಳ್ಳುಕಡ್ಡಿ, ಪ್ರತಿ ಕವಾಟವೂ ಯಾವ ಜಾಗದಿಂದ ಬಂತೋ ಅಲ್ಲಿಗೇ ಹಿಂತಿರುಗಬೇಕು. ವರ್ಷಗಟ್ಟಲೆ ಒಟ್ಟಿಗೆ ಸವೆದ ಭಾಗಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ರಟ್ಟಿನ ಮೇಲೆ ಎಂಜಿನ್ನಿನ ಚಿತ್ರ ಬರೆದು, ತೂತು ಮಾಡಿ, ಬೋಲ್ಟುಗಳನ್ನು ಅಲ್ಲಿಗೇ ಚುಚ್ಚಿಡುವ ಉಪಾಯ ಕಂಪ್ಯೂಟರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಕೂದಲಿಗಿಂತ ತೆಳುವಾದ ಲೆಕ್ಕ

ಈಗ ಪ್ರಯೋಗಾಲಯ ಶುರು. ಶಾಲೆಯಲ್ಲಿ ಸ್ಕ್ರೂ ಗೇಜ್ ಹಿಡಿದು ತಂತಿಯ ದಪ್ಪ ಅಳೆದು, "ಇದರಿಂದ ಏನು ಪ್ರಯೋಜನ?" ಎಂದು ಕೇಳುವ ವಿದ್ಯಾರ್ಥಿಗೆ ಇಲ್ಲಿ ಉತ್ತರ ಸಿಗುತ್ತದೆ.

ಈ ಎಂಜಿನ್ನಿನ ಸಿಲಿಂಡರಿನ ವ್ಯಾಸ 73.025 ಮಿಲಿಮೀಟರ್. ಪಿಸ್ಟನ್ ಮೇಲಿನಿಂದ ಕೆಳಗೆ ಚಲಿಸುವ ದೂರ 88.9 ಮಿಲಿಮೀಟರ್. ವೃತ್ತದ ವಿಸ್ತೀರ್ಣವನ್ನು ಈ ದೂರದಿಂದ ಗುಣಿಸಿ, ನಾಲ್ಕು ಸಿಲಿಂಡರುಗಳಿಗೆ ಸೇರಿಸಿ ಲೆಕ್ಕ ಹಾಕಿ. 1489 ಘನ ಸೆಂಟಿಮೀಟರ್ ಬರುತ್ತದೆ. ನೋಂದಣಿ ಪತ್ರದಲ್ಲಿರುವ ಅಂಕಿ ಹತ್ತನೆಯ ತರಗತಿಯ ಸೂತ್ರದಿಂದಲೇ ಹೊರಬಂತು. ಅಳತೆಗಳು ಏಕೆ ಹೀಗೆ ವಿಚಿತ್ರವಾಗಿವೆ ಎಂದರೆ ಅವು ಮೂಲದಲ್ಲಿ ಅಂಗುಲಗಳು: 2.875 ಮತ್ತು 3.5. ಅದಕ್ಕೇ ಇಂದಿಗೂ ಗ್ಯಾರೇಜುಗಳಲ್ಲಿ 'ಥೌ' ಎಂಬ ಮಾತು ನಡೆಯುತ್ತದೆ. ಅಂಗುಲದ ಸಾವಿರದ ಒಂದು ಭಾಗವೇ ಥೌ, ಮಿಲಿಮೀಟರಿನಲ್ಲಿ 0.0254. ಮನುಷ್ಯನ ತಲೆಗೂದಲು ಎರಡು ಮೂರು ಥೌ ದಪ್ಪ ಇರುತ್ತದೆ.

ಸವೆದ ಸಿಲಿಂಡರ್ ಸಮನಾಗಿ ಸವೆದಿರುವುದಿಲ್ಲ, ಮೇಲ್ತುದಿಯಲ್ಲಿ ಹೆಚ್ಚು ಸವೆದಿರುತ್ತದೆ. ಏಕೆ? ಸ್ಫೋಟದ ಒತ್ತಡ ಅತಿ ಹೆಚ್ಚಿರುವುದು ಅಲ್ಲಿ. ಆ ಒತ್ತಡ ಉಂಗುರದ ಬೆನ್ನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಅದುಮುತ್ತದೆ. ಬಿಸಿಯೂ ಅಲ್ಲೇ ಹೆಚ್ಚು, ಎಣ್ಣೆ ತಲುಪುವುದು ಅಲ್ಲೇ ಕಡಿಮೆ. ಮೇಲಾಗಿ ಪಿಸ್ಟನ್ ಆ ತುದಿಯಲ್ಲಿ ಕ್ಷಣ ಹೊತ್ತು ನಿಂತು ಹಿಂತಿರುಗುತ್ತದೆ. ವೇಗ ಇದ್ದಾಗ ಎಣ್ಣೆಯ ಪದರ ಉಂಗುರವನ್ನು ತೇಲಿಸುತ್ತದೆ, ನಿಂತಾಗ ಕೈಬಿಡುತ್ತದೆ. ಇನ್ನೊಂದು ವಿಷಯ: ಸಂಪರ್ಕದಂಡ ಓರೆಯಾಗಿ ನಿಂತಾಗ ಪಿಸ್ಟನ್ನನ್ನು ಒಂದು ಪಕ್ಕದ ಗೋಡೆಗೆ ದೂಡುತ್ತದೆ. ಹೀಗಾಗಿ ದುಂಡಗಿದ್ದ ಸಿಲಿಂಡರ್ ಕ್ರಮೇಣ ಅಂಡಾಕಾರವಾಗುತ್ತದೆ. ಬಲಗಳ ವಿಭಜನೆ ಎಂದು ಪುಸ್ತಕದಲ್ಲಿ ಬಾಣ ಎಳೆದು ತೋರಿಸುವ ಪಾಠ ಇಲ್ಲಿ ಕಬ್ಬಿಣದ ಮೇಲೆ ಕೆತ್ತಿಕೊಂಡಿರುತ್ತದೆ.

ಸವೆತ ಮಿತಿ ಮೀರಿದ್ದರೆ ಸಿಲಿಂಡರನ್ನು ಕೊರೆಸಬೇಕು. ಅದಕ್ಕೇ ಕಾರ್ಖಾನೆಯವರು ಮೊದಲೇ 10, 20, 30, 40 ಥೌ ದೊಡ್ಡದಾದ ಪಿಸ್ಟನ್ನುಗಳನ್ನು ತಯಾರಿಸುತ್ತಿದ್ದರು. ಒಂದು ಯಂತ್ರ ಸವೆಯುತ್ತದೆ, ಅದನ್ನು ಯಾರೋ ಒಬ್ಬರು ರಿಪೇರಿ ಮಾಡುತ್ತಾರೆ ಎಂದು ವಿನ್ಯಾಸ ಮಾಡುವಾಗಲೇ ಒಪ್ಪಿಕೊಂಡ ಕಾಲ ಅದು. ಬಿಚ್ಚಲೇ ಆಗದಂತೆ ಅಂಟು ಹಾಕಿ ಮುಚ್ಚುವ ಇಂದಿನ ಸಾಮಾನುಗಳನ್ನು ನೋಡಿದಾಗ ಆ ಕಾಲದ ಬಗ್ಗೆ ಗೌರವ ಮೂಡದಿರದು. ಇಲ್ಲಿ ಒಂದು ಎಚ್ಚರ: ಮೊದಲು ಪಿಸ್ಟನ್ ಕೊಳ್ಳಬೇಕು, ಅದನ್ನು ಮೈಕ್ರೋಮೀಟರಿನಿಂದ ಅಳೆಯಬೇಕು, ಆಮೇಲೆ ಅದಕ್ಕೆ ತಕ್ಕಂತೆ ಸಿಲಿಂಡರ್ ಕೊರೆಸಬೇಕು. ಕೊರೆಸಿ ಆಮೇಲೆ ಪಿಸ್ಟನ್ ಹುಡುಕುತ್ತ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಅಲೆಯುವುದು ಬುದ್ಧಿವಂತಿಕೆ ಅಲ್ಲ.

20 ಥೌ ಕೊರೆದರೆ ಎಂಜಿನ್ನಿನ ಗಾತ್ರ 1510 ಸಿ.ಸಿ. ಆಗುತ್ತದೆ. 40 ಥೌ ಕೊರೆದರೆ 1531. ಶಕ್ತಿಯಲ್ಲಿ ಇದರಿಂದ ಗೊತ್ತಾಗುವಷ್ಟು ಲಾಭವೇನೂ ಇಲ್ಲ. ಆದರೆ ಈ ಸಣ್ಣ ವ್ಯತ್ಯಾಸವೇ 1959ರಲ್ಲಿ ಒಂದು ಚಮತ್ಕಾರಕ್ಕೆ ನೆರವಾಯಿತು. ಬಾನೆವಿಲ್‌ಗೆ ಮತ್ತೆ ಬಂದ ಅದೇ ಎಂ.ಜಿ. ಕಾರಿನ ಎಂಜಿನ್ನನ್ನು 1506 ಸಿ.ಸಿ.ಗೆ ಹಿಗ್ಗಿಸಿದ್ದರು. 1500 ದಾಟಿದ ಕೂಡಲೇ ಕಾರು ಎರಡು ಲೀಟರ್ ದರ್ಜೆಗೆ ಸೇರಿತು. ಫಿಲ್ ಹಿಲ್ ಅದನ್ನು ಗಂಟೆಗೆ 254.91 ಮೈಲಿ ಓಡಿಸಿ ಆ ದರ್ಜೆಯ ದಾಖಲೆಗಳನ್ನೂ ಬಾಚಿಕೊಂಡರು.

ಉಂಗುರಕ್ಕೆ ಬಾಯಿ ಏಕೆ?

ಪಿಸ್ಟನ್ ಉಂಗುರ ಪೂರ್ತಿ ದುಂಡಗಿರುವುದಿಲ್ಲ. ಅದಕ್ಕೆ ಒಂದು ಕಡೆ ಸಣ್ಣ ಬಾಯಿ ಇರುತ್ತದೆ. ಸಿಲಿಂಡರಿನೊಳಗೆ ಕೂರಿಸಿ ಆ ಬಾಯಿಯ ಅಂತರವನ್ನು ಫೀಲರ್ ಗೇಜಿನ ತೆಳು ತಗಡುಗಳಿಂದ ಅಳೆಯುತ್ತಾರೆ. ಎಷ್ಟು ಅಂತರ ಬೇಕು? ಉಂಗುರದ ಸುತ್ತಳತೆ ಸುಮಾರು 229 ಮಿಲಿಮೀಟರ್. ಎರಕದ ಕಬ್ಬಿಣ ಪ್ರತಿ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 11 ಭಾಗ ಹಿಗ್ಗುತ್ತದೆ. ಉಂಗುರವು ಸಿಲಿಂಡರಿಗಿಂತ ನೂರು ಡಿಗ್ರಿ ಹೆಚ್ಚು ಬಿಸಿಯಾದರೆ ಅದು ಕಾಲು ಮಿಲಿಮೀಟರ್ ಹೆಚ್ಚು ಉದ್ದವಾಗುತ್ತದೆ. ಬಾಯಿ ಅದಕ್ಕಿಂತ ಕಿರಿದಾಗಿದ್ದರೆ ತುದಿಗಳು ಡಿಕ್ಕಿ ಹೊಡೆದು, ಉಂಗುರ ಗೋಡೆಗೆ ಕಚ್ಚಿಕೊಂಡು, ಎಂಜಿನ್ ಹಿಡಿದುಕೊಳ್ಳುತ್ತದೆ. ತೀರಾ ಅಗಲವಾಗಿದ್ದರೆ ಅನಿಲ ಸೋರಿ ಶಕ್ತಿ ಪೋಲಾಗುತ್ತದೆ. ಕಿರಿದಾದ ಬಾಯನ್ನು ಅರದಿಂದ ಉಜ್ಜಿ ಸರಿಪಡಿಸಬಹುದು. ಅಗಲವಾದದ್ದಕ್ಕೆ ಮದ್ದಿಲ್ಲ.

ಪಿಸ್ಟನ್ನಿನ ಕತೆ ಇನ್ನೂ ಸ್ವಾರಸ್ಯವಾದದ್ದು. ಅದು ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಸಿಲಿಂಡರ್ ಕಬ್ಬಿಣದ್ದು. ಅಲ್ಯೂಮಿನಿಯಮ್ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಬಿಸಿಯೂ ಅದಕ್ಕೇ ಹೆಚ್ಚು ತಾಗುತ್ತದೆ. ಆದ್ದರಿಂದ ಪಿಸ್ಟನ್ನಿನ ನೆತ್ತಿಯನ್ನು ಬುಡಕ್ಕಿಂತ ಸ್ವಲ್ಪ ಸಣ್ಣದಾಗಿ ಮಾಡಿರುತ್ತಾರೆ. ತಣ್ಣಗಿರುವಾಗ ಎಷ್ಟೋ ಪಿಸ್ಟನ್ನುಗಳು ದುಂಡಗೂ ಇರುವುದಿಲ್ಲ, ಕೊಂಚ ಅಂಡಾಕಾರ. ಬಿಸಿಯಾದ ಮೇಲೆ ದುಂಡಗಾಗಲಿ ಎಂದೇ ಹಾಗೆ ಮಾಡಿರುತ್ತಾರೆ! ಅದನ್ನು ಎಲ್ಲೆಂದರಲ್ಲಿ ಅಳೆದು "ಇದು ಕೆಟ್ಟ ಮಾಲು" ಎಂದು ಅಂಗಡಿಗೆ ಹಿಂತಿರುಗಿಸಿದರೆ ಅಂಗಡಿಯವನು ನಗುತ್ತಾನೆ.

ಕೆಳಗಿನ ಕ್ರ್ಯಾಂಕ್ ಶಾಫ್ಟನ್ನು ಹೀಗೆಯೇ ಅಳೆದು, ಸವೆದಿದ್ದರೆ ಸಾಣೆ ಹಿಡಿಸಿ ಸಣ್ಣದು ಮಾಡುತ್ತಾರೆ. ಅದಕ್ಕೆ ಸರಿಯಾದ ದಪ್ಪನೆಯ ಬೇರಿಂಗ್ ಚಿಪ್ಪುಗಳನ್ನು ಹಾಕುತ್ತಾರೆ. ಶಾಫ್ಟಿಗೂ ಚಿಪ್ಪಿಗೂ ನಡುವೆ ಒಂದೆರಡು ಥೌ ಜಾಗ ಬಿಡಬೇಕು. ಆ ಸಂದಿನಲ್ಲಿ ಎಣ್ಣೆ ಬೆಣೆಯಂತೆ ನುಗ್ಗಿ ಉಕ್ಕಿನ ಶಾಫ್ಟನ್ನು ಎತ್ತಿ ಹಿಡಿಯುತ್ತದೆ. ಎಂಜಿನ್ ತಿರುಗುವಾಗ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ. ಈ ಕೆಲಸದಲ್ಲಿ ದೊಡ್ಡ ಶತ್ರು ಧೂಳು. ಸಾಣೆ ಹಿಡಿಸಿ ತಂದ ಮೇಲೆ ಎಣ್ಣೆ ಹರಿಯುವ ಪ್ರತಿ ತೂತನ್ನೂ ಬ್ರಷ್ ತೂರಿಸಿ ತೊಳೆಯದಿದ್ದರೆ, ಒಳಗೆ ಉಳಿದ ಒಂದು ಚಿಟಿಕೆ ಪುಡಿ ಇಡೀ ಖರ್ಚನ್ನು ನುಂಗಿಹಾಕುತ್ತದೆ.

ಸೀಸದ ಉಪಕಾರ, ಸೀಸದ ಅಪಕಾರ

ಸಿಲಿಂಡರಿನ ತಲೆ ಬಿಚ್ಚಿದಾಗ ಎಂಟು ಕವಾಟಗಳು ಕಾಣುತ್ತವೆ, ಒಳಕ್ಕೆ ನಾಲ್ಕು, ಹೊರಕ್ಕೆ ನಾಲ್ಕು. ಅರೆಯುವ ಲೇಪ ಹಚ್ಚಿ, ರಬ್ಬರ್ ಬಟ್ಟಲು ಕಚ್ಚಿಸಿದ ಕೋಲಿನಿಂದ ಕವಾಟವನ್ನು ಅದರ ಪೀಠದ ಮೇಲೆ ಅತ್ತಿತ್ತ ತಿರುಗಿಸುತ್ತಾರೆ. ಮಜ್ಜಿಗೆ ಕಡೆದಂತೆ ಎರಡು ಅಂಗೈಗಳ ನಡುವೆ ಕೋಲು ತಿರುಗುತ್ತದೆ. ಬೂದು ಬಣ್ಣದ ಸಮನಾದ ಪಟ್ಟಿ ಮೂಡಿದರೆ ಕವಾಟ ಕೂತಿದೆ ಎಂದರ್ಥ.

ಇಲ್ಲಿ ಹಳೆಯ ಎಂಜಿನ್ನುಗಳಿಗೆ ಒಂದು ವಿಶೇಷ ಸಂಕಟವಿದೆ. ಇವು ಹುಟ್ಟಿದ ಕಾಲದಲ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಎಂಜಿನ್ ಒಳಗೆ ಅಕಾಲದಲ್ಲಿ ಸ್ಫೋಟವಾಗುವುದನ್ನು ಅದು ತಡೆಯುತ್ತಿತ್ತು. ಅದರ ಬೂದಿಯ ತೆಳು ಪದರ ಕೆಂಪಗೆ ಕಾದ ಹೊರಕವಾಟಕ್ಕೂ ಕಬ್ಬಿಣದ ಪೀಠಕ್ಕೂ ನಡುವೆ ಮೆತ್ತೆಯಾಗಿಯೂ ಕೆಲಸ ಮಾಡುತ್ತಿತ್ತು. ಆದರೆ ಸೀಸ ವಿಷ. ಅದು ಮಕ್ಕಳ ಮಿದುಳಿನ ಬೆಳವಣಿಗೆಗೇ ಕುತ್ತು ತರುತ್ತದೆ. 2000ದ ಫೆಬ್ರವರಿಯಿಂದ ಭಾರತದಾದ್ಯಂತ ಸೀಸದ ಪೆಟ್ರೋಲ್ ನಿಂತದ್ದು ಒಳ್ಳೆಯದೇ ಆಯಿತು. ಹಳೆಯ ಕಾರಿನ ಪ್ರೇಮಿಗಳೂ ಇದಕ್ಕೆ ಗೊಣಗಬಾರದು. ಮೆತ್ತೆ ಹೋದ ಮೇಲೆ, ಹೆಚ್ಚು ವೇಗದಲ್ಲಿ ದೂರ ಓಡಿಸಿದರೆ ಕವಾಟ ಪೀಠಕ್ಕೆ ಸೂಕ್ಷ್ಮವಾಗಿ ಬೆಸೆದುಕೊಂಡು, ಕಿತ್ತು, ಮತ್ತೆ ಬೆಸೆದುಕೊಂಡು ಪೀಠವನ್ನು ತಿನ್ನುತ್ತ ಕೆಳಗಿಳಿಯುತ್ತದೆ. ಪರಿಹಾರವೆಂದರೆ ಹೊರಕವಾಟಗಳ ಜಾಗದಲ್ಲಿ ಗಟ್ಟಿ ಲೋಹದ ಪೀಠದುಂಗುರಗಳನ್ನು ಕೂರಿಸುವುದು. ಎಂಜಿನ್ ಹೇಗೂ ಬಿಚ್ಚಿದೆಯಲ್ಲ, ಈ ಕೆಲಸವನ್ನು ಆಗಲೇ ಮಾಡಿಸಿಬಿಡುವುದು ಜಾಣತನ.

ಚುರುಕುಗೊಳಿಸುವ ಆಸೆ

ಇಷ್ಟು ಹೊತ್ತಿಗೆ ಮನೆಯ ಹುಡುಗ ಕೇಳಿಯೇ ಕೇಳುತ್ತಾನೆ: "ಹೇಗೂ ಬಿಚ್ಚಿದ್ದೇವೆ, ಸ್ವಲ್ಪ ಪವರ್ ಜಾಸ್ತಿ ಮಾಡೋಣವೇ?"

ಎಂಜಿನ್ ಎಂದರೆ ಮೂಲತಃ ಗಾಳಿ ಸೇದುವ ಪಂಪು. ಹೆಚ್ಚು ಗಾಳಿ ಸೇದಿದರೆ ಹೆಚ್ಚು ಪೆಟ್ರೋಲ್ ಉರಿಸಬಹುದು. ಈ ಎಂಜಿನ್ನಿನ ದೌರ್ಬಲ್ಯ ಇರುವುದೇ ಅದರ ಮೂಗಿನಲ್ಲಿ. ನಾಲ್ಕು ಸಿಲಿಂಡರುಗಳಿಗೆ ಗಾಳಿಯ ದಾರಿ ಎರಡೇ. ಒಂದನೆಯದು ಮತ್ತು ಎರಡನೆಯದು ಒಂದು ದಾರಿ ಹಂಚಿಕೊಂಡರೆ, ಮೂರು ಮತ್ತು ನಾಲ್ಕು ಇನ್ನೊಂದನ್ನು. ಎಂಜಿನ್ ಉರಿಯುವ ಕ್ರಮ 1-3-4-2. ಅಂದರೆ ಮೂರನೆಯದು ಸೇದಿದ ಬೆನ್ನಿಗೇ ನಾಲ್ಕನೆಯದು ಅದೇ ಕೊಳವೆಯಿಂದ ಸೇದುತ್ತದೆ, ಎರಡನೆಯದು ಸೇದಿದ ಬೆನ್ನಿಗೇ ಒಂದನೆಯದು. ಒಂದೇ ಸೊಪ್ಪಿನ ಕಟ್ಟಿಗೆ ಎರಡು ಮೇಕೆ ಬಾಯಿ ಹಾಕಿದಂತೆ, ಒಂದರ ಪಾಲನ್ನು ಇನ್ನೊಂದು ಕದಿಯುತ್ತದೆ.

ಎಂ.ಜಿ. ಕಾರ್ಖಾನೆಯವರು ಈ ಮಿತಿಯೊಳಗೇ ಕೆಲಸ ಮಾಡಿ 1955ರ ಎಂ.ಜಿ.ಎ. ಕಾರಿನಲ್ಲಿ ಇದೇ 1489 ಸಿ.ಸಿ.ಯಿಂದ ಸುಮಾರು 70 ಅಶ್ವಶಕ್ತಿ ತೆಗೆದರು. ಎರಡು ಕಾರ್ಬುರೇಟರ್, ಕವಾಟವನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್, ಹೆಚ್ಚಿನ ಸಂಪೀಡನ, ಹೆಚ್ಚಿನ ಸುತ್ತು, ಇಷ್ಟೇ ಅವರ ಮಂತ್ರ. ಎಂಜಿನ್ನನ್ನು ಹಂತ ಹಂತವಾಗಿ ಚುರುಕುಗೊಳಿಸುವುದು ಹೇಗೆಂದು ಗಿರಾಕಿಗಳಿಗೆ ಪುಸ್ತಿಕೆಗಳನ್ನೂ ಅವರೇ ಅಚ್ಚು ಹಾಕಿಸಿ ಕೊಡುತ್ತಿದ್ದರು. ಆದ್ದರಿಂದ 50ರಿಂದ 70ಕ್ಕೆ ಏರುವುದು ಕಳ್ಳದಾರಿಯೇನಲ್ಲ, ರಾಜಮಾರ್ಗವೇ.

ಆದರೆ ಪ್ರತಿ ಮೆಟ್ಟಿಲಿಗೂ ಸುಂಕವಿದೆ. ಸಂಪೀಡನ ಅನುಪಾತವನ್ನೇ ನೋಡಿ. ಒಂದು ಸಿಲಿಂಡರಿನ ಗಾತ್ರ 372 ಘನ ಸೆಂಟಿಮೀಟರ್. ಅನುಪಾತ 7.2 ಇದ್ದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 60 ಘನ ಸೆಂಟಿಮೀಟರ್. ಎಂ.ಜಿ.ಎ.ಯಂತೆ 8.3 ಬೇಕಾದರೆ ಆ ಜಾಗ 51ಕ್ಕೆ ಇಳಿಯಬೇಕು. ತಲೆಯ ಮುಖವನ್ನು ಕೆತ್ತಿಸಿದರೆ ಆಗುತ್ತದೆ. ಲಾಭ? ಪುಸ್ತಕದ ಸೂತ್ರದಂತೆ ಲೆಕ್ಕ ಹಾಕಿದರೆ ಕಾರ್ಯಕ್ಷಮತೆ ಏರುವುದು ನೂರಕ್ಕೆ ಐದಕ್ಕಿಂತ ಕೊಂಚ ಕಡಿಮೆ. ಅಷ್ಟಕ್ಕೆ ಎಂಜಿನ್ನಿನ ಶಾಖವೂ ಒತ್ತಡವೂ ಏರುತ್ತವೆ, ಅಕಾಲ ಸ್ಫೋಟದ ಭಯ ಶುರುವಾಗುತ್ತದೆ.

ಸುತ್ತು ಹೆಚ್ಚಿಸುವುದು ಇನ್ನೂ ದುಬಾರಿ. ನಿಮಿಷಕ್ಕೆ 4200 ಸುತ್ತಿನಲ್ಲಿ ಮೇಲ್ತುದಿಯಲ್ಲಿ ತಿರುಗುವ ಪಿಸ್ಟನ್ ಅನುಭವಿಸುವ ವೇಗೋತ್ಕರ್ಷ ಗುರುತ್ವದ ಸಾವಿರ ಪಟ್ಟಿಗೂ ಹೆಚ್ಚು. ಪಿಸ್ಟನ್ ಮತ್ತು ಅದರ ಸಂಗಾತಿಗಳು ಅರ್ಧ ಕಿಲೋ ಎಂದು ಹಿಡಿದರೆ ಸಂಪರ್ಕದಂಡದ ಮೇಲೆ ಅರ್ಧ ಟನ್ನಿಗೂ ಮೀರಿದ ಸೆಳೆತ. 5500 ಸುತ್ತಿಗೆ ಏರಿಸಿದರೆ ವೇಗ ಏರಿದ್ದು ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಸೆಳೆತ ಮಾತ್ರ ವರ್ಗದ ಲೆಕ್ಕದಲ್ಲಿ ಏರಿ ಒಂದು ಟನ್ನಿನ ಹತ್ತಿರ ಹೋಗುತ್ತದೆ. ಅಂಬಾಸಿಡರಿನ ಈ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟಿಗೆ ಮೂರೇ ಮುಖ್ಯ ಬೇರಿಂಗುಗಳು. ಎಂ.ಜಿ.ಯವರೇ 1964ರಲ್ಲಿ ತಮ್ಮ 1798 ಸಿ.ಸಿ. ಎಂಜಿನ್ನಿಗೆ ಐದು ಬೇರಿಂಗ್ ಕೊಟ್ಟರು ಎಂಬುದನ್ನು ನೆನಪಿಡಬೇಕು.

ದಾಖಲೆ ಮುರಿದ ಎಂಜಿನ್ನಿನ ವಂಶದಲ್ಲಿಯೇ ಒಂದು ದುಃಖದ ಕತೆಯಿದೆ. 1958ರಲ್ಲಿ ಎಂ.ಜಿ. ಕಂಪನಿ ಬಾನೆವಿಲ್‌ನ ಮಾದರಿಯ ಜೋಡಿ ಕ್ಯಾಮ್ ತಲೆಯನ್ನು 1588 ಸಿ.ಸಿ. ಎಂಜಿನ್ನಿಗೆ ಕೂರಿಸಿ ಜನರಿಗೆ ಮಾರಿತು. ಸಂಪೀಡನ 9.9, ಶಕ್ತಿ 108. ಕಾರು ಹಕ್ಕಿಯಂತೆ ಹಾರುತ್ತಿತ್ತು. ಆದರೆ ಪಿಸ್ಟನ್ನುಗಳು ಸುಟ್ಟು ತೂತಾಗತೊಡಗಿದವು. 1959ರಲ್ಲಿ ಸಂಪೀಡನವನ್ನು 8.3ಕ್ಕೆ ಇಳಿಸಿದರೂ ಕೆಟ್ಟ ಹೆಸರು ಹೋಗಲಿಲ್ಲ. 2111 ಕಾರುಗಳಾದ ಮೇಲೆ 1960ರಲ್ಲಿ ತಯಾರಿಕೆ ನಿಂತಿತು. ಬಹಳ ಕಾಲದ ನಂತರ ಹವ್ಯಾಸಿಗಳು ಹುಡುಕಿ ತೆಗೆದ ಕಾರಣ ಸ್ವಾರಸ್ಯಕರ. ಒಂದು ನಿರ್ದಿಷ್ಟ ವೇಗದಲ್ಲಿ ಎಂಜಿನ್ನಿನ ನಡುಕ ಕಾರ್ಬುರೇಟರಿನ ಪೆಟ್ರೋಲನ್ನು ನೊರೆಯೆಬ್ಬಿಸುತ್ತಿತ್ತು. ಆಗ ಎಂಜಿನ್ನಿಗೆ ಪೆಟ್ರೋಲ್ ಕಡಿಮೆಯಾಗಿ, ಮಿಶ್ರಣ ತೆಳುವಾಗಿ, ಪಿಸ್ಟನ್ ಬೇಯುತ್ತಿತ್ತು. ಅನುರಣನದ ಪಾಠವನ್ನು ಶ್ರುತಿಕವೆಯಿಂದ ಕಲಿಸುವವರು ಈ ಉದಾಹರಣೆಯನ್ನೂ ಹೇಳಬಹುದು.

ತೆಳು ಮಿಶ್ರಣದ ಮಾತು ಈಗ ಎಲ್ಲ ಹಳೆಯ ಕಾರುಗಳಿಗೂ ಬಂದಿದೆ. ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಪಾಲು 2025ರ ಹೊತ್ತಿಗೆ ನೂರಕ್ಕೆ 20 ಮುಟ್ಟಿತು. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲಿಗೆ 9 ಸಾಕು, ಏಕೆಂದರೆ ಅದು ತನ್ನೊಳಗೇ ಆಮ್ಲಜನಕ ಹೊತ್ತು ಬರುತ್ತದೆ. ಹಳೆಯ ಕಾರ್ಬುರೇಟರಿಗೆ ಇದು ಗೊತ್ತಿಲ್ಲ. ಅದು ಹಳೆಯ ಅಳತೆಯಲ್ಲೇ ಬಡಿಸುತ್ತದೆ, ಮಿಶ್ರಣ ಏಳೆಂಟು ಪ್ರತಿಶತ ತೆಳುವಾಗುತ್ತದೆ. ಜೆಟ್ಟನ್ನೋ ಸೂಜಿಯನ್ನೋ ಬದಲಿಸಿ ಸರಿದೂಗಿಸಬೇಕು. ಹಳೆಯ ರಬ್ಬರ್ ಕೊಳವೆ, ಕಾರ್ಕ್ ಪಟ್ಟಿಗಳನ್ನು ಎಥೆನಾಲ್ ಹಾಳುಮಾಡುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ. ಆದ್ದರಿಂದ ಅವನ್ನು ಎಥೆನಾಲ್ ತಡೆಯುವ ಹೊಸ ಬಗೆಯವಕ್ಕೆ ಬದಲಿಸುವ ಖರ್ಚಿನಲ್ಲಿ ಯಾವ ತಂದೆಯೂ ಜಿಪುಣತನ ಮಾಡಬಾರದು. ಒಂದು ಸಮಾಧಾನ: ಎಥೆನಾಲ್ ಬೆರೆತ ಪೆಟ್ರೋಲ್ ಅಕಾಲ ಸ್ಫೋಟವನ್ನು ಚೆನ್ನಾಗಿಯೇ ತಡೆಯುತ್ತದೆ.

ಕಾನೂನು ಏನನ್ನುತ್ತದೆ?

ಕಾರು ವೇಗವಾದರೆ ನಿಲ್ಲಲೂಬೇಕು. ಗಂಟೆಗೆ 80ರ ಬದಲು 110 ಕಿ.ಮೀ. ಓಡುವ ಕಾರಿನ ಚಲನಶಕ್ತಿ ಸುಮಾರು 1.9 ಪಟ್ಟು. ಆ ಶಕ್ತಿಯನ್ನೆಲ್ಲ ಶಾಖವಾಗಿ ಕರಗಿಸಬೇಕಾದ್ದು ಹಳೆಯ ಡ್ರಮ್ ಬ್ರೇಕುಗಳು. ಎಂಜಿನ್ನಿಗೆ ಖರ್ಚು ಮಾಡುವ ಮೊದಲು ಬ್ರೇಕು, ಸ್ಟಿಯರಿಂಗು, ಟೈರುಗಳ ಕಡೆ ನೋಡದ ಉತ್ಸಾಹ ಅಪಾಯಕಾರಿ.

ಇನ್ನು ಕಾಗದಪತ್ರ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಬೇರೆ ಎಂಜಿನ್ ಕೂರಿಸುವುದಾದರೆ ಮೊದಲೇ ನೋಂದಣಿ ಅಧಿಕಾರಿಯ ಅನುಮತಿ ಬೇಕು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ 'ವಿಂಟೇಜ್' ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ 'ವಿ.ಎ.' ಅಕ್ಷರಗಳಿರುವ ವಿಶೇಷ ಸಂಖ್ಯಾಫಲಕ, ಹತ್ತು ವರ್ಷದ ನೋಂದಣಿ, ಶುಲ್ಕ 20,000 ರೂಪಾಯಿ. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅದನ್ನು ಬಳಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಷರತ್ತು: ವಾಹನ ಮೂಲರೂಪದಲ್ಲಿರಬೇಕು, ಅದರ ಚಾಸಿ, ಮೈ, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು.

ಹಾಗಾದರೆ 20 ಥೌ ಕೊರೆಸಿದ್ದು ಮಾರ್ಪಾಟೇ? ನ್ಯಾಯವಾಗಿ ನೋಡಿದರೆ ಅಲ್ಲ. ಅದು ತಯಾರಕರೇ ಪುಸ್ತಕದಲ್ಲಿ ಬರೆದಿಟ್ಟ ದುರಸ್ತಿ. ಗಟ್ಟಿ ಪೀಠದುಂಗುರಗಳೂ ಹೊರಗೆ ಕಾಣುವುದಿಲ್ಲ. ಆದರೆ ಎರಡು ಕಾರ್ಬುರೇಟರ್, ಬೇರೆ ಕ್ಯಾಮ್, ಕೆತ್ತಿದ ತಲೆ ಎಂದು ಹೋದರೆ ಅಜ್ಜನ ಕಾರು ಬೇರೆ ಕಾರಾಗುತ್ತ ಹೋಗುತ್ತದೆ. 1970ರ ಸುಮಾರಿನ ಅಂಬಾಸಿಡರ್ ಈಗ ಈ ಗಡಿಯನ್ನು ದಾಟಿದೆ. ಧರ್ಮಸ್ಥಳದ ಸಂಗ್ರಹದಲ್ಲಾಗಲಿ ಶ್ರೀರಂಗಪಟ್ಟಣದ ಬಳಿಯ 'ಪಯಣ' ವಸ್ತುಸಂಗ್ರಹಾಲಯದಲ್ಲಾಗಲಿ ಹಳೆಯ ಕಾರುಗಳ ಮುಂದೆ ನಿಂತ ಮಕ್ಕಳು ನೋಡಬಯಸುವುದು ಅದು ಹುಟ್ಟಿದ ರೂಪವನ್ನೇ. ಚುರುಕುಗೊಳಿಸುವ ಹುಚ್ಚು ತೀರಬೇಕಾದರೆ ಗುಜರಿಯಿಂದ ಇನ್ನೊಂದು ಎಂಜಿನ್ ತಂದು ಮೇಜಿನ ಮೇಲೆ ಕಟ್ಟಿ ಕಲಿಯಬಹುದು. ಕೆತ್ತಿದ ಕಬ್ಬಿಣ ಮತ್ತೆ ಬೆಳೆಯುವುದಿಲ್ಲವಲ್ಲ.

ಮೊದಲ ಗುಡುಗು

ಕಟ್ಟಿ ಮುಗಿಸಿದ ಎಂಜಿನ್ನನ್ನು ತಟ್ಟನೆ ಚಾಲೂ ಮಾಡಬಾರದು. ಸ್ಪಾರ್ಕ್ ಪ್ಲಗ್ ಹಾಕದೆ ಸ್ಟಾರ್ಟರಿನಿಂದ ತಿರುಗಿಸಿ, ಎಣ್ಣೆಯ ಒತ್ತಡ ತೋರುವ ಮುಳ್ಳು ಮೇಲೇಳುವವರೆಗೆ ಕಾಯಬೇಕು. ಆಮೇಲೆ ಪ್ಲಗ್ ಹಾಕಿ ಚಾಲೂ ಮಾಡಿದರೆ ಮೊದಲು ಹೊಗೆ, ಆಮೇಲೆ ಗುಡುಗು, ಆಮೇಲೆ ಆ ಪರಿಚಿತ ಗುರುಗುರು ಸದ್ದು. ಒಳಗಿದ್ದ ಅಜ್ಜಿ ಹೊರಗೆ ಬರುವುದು ಆಗಲೇ.

ಹೊಸ ಕ್ಯಾಮ್ ಹಾಕಿದ್ದರೆ ಎಂಜಿನ್ನನ್ನು ನಿಧಾನಕ್ಕೆ ಬಿಡುವುದು ತಪ್ಪು. ಕ್ಯಾಮಿಗೆ ಎಣ್ಣೆ ತಲುಪುವುದು ಕ್ರ್ಯಾಂಕ್ ಎರಚುವ ಹನಿಗಳಿಂದ. ಮೊದಲ ಇಪ್ಪತ್ತು ನಿಮಿಷ 2000 ಸುತ್ತಿನ ಆಸುಪಾಸಿನಲ್ಲಿ ಓಡಿಸಬೇಕು. ಹೊಸ ಕಾರಿನ ನೀರಿನಂಥ ತೆಳು ಎಣ್ಣೆ ಇದಕ್ಕೆ ಒಗ್ಗದು, ಹಳೆಯ ಪದ್ಧತಿಯ ದಪ್ಪ ಎಣ್ಣೆಯೇ ಸರಿ. ಮೊದಲ ಕೆಲವು ನೂರು ಕಿಲೋಮೀಟರ್ ಉಂಗುರಗಳು ಗೋಡೆಗೆ ಹೊಂದಿಕೊಳ್ಳುವ ಕಾಲ. ಅಲ್ಲಿಯವರೆಗೆ ಏರಿನಲ್ಲಿ ಒತ್ತಿ ಓಡಿಸಬಾರದು, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಎಳೆಯಲೂಬಾರದು. ಆಮೇಲೆ ಎಣ್ಣೆ ಬದಲಿಸಿ, ತಲೆಯ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಕ್ರಮವಾಗಿ ಮತ್ತೊಮ್ಮೆ ಬಿಗಿದು, ಕವಾಟಗಳ ಅಂತರ ಸರಿಪಡಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಬೆಳಿಗ್ಗೆ ಶೆಡ್ಡಿನ ನೆಲದ ಮೇಲೆ ಎರಡು ಹನಿ ಎಣ್ಣೆ ಬಿದ್ದಿದ್ದರೆ ಗಾಬರಿಯಾಗಬೇಕಿಲ್ಲ. ಈ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲೇ ಇಲ್ಲ. ಅಲ್ಲಿರುವುದು ತಿರುಪಿನಂಥ ಒಂದು ಗೆರೆ. ಶಾಫ್ಟ್ ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ, ನಿಂತಾಗ ಒಂದಿಷ್ಟು ಸೋರುತ್ತದೆ. ಅದರಡಿ ಒಂದು ಹಳೆಯ ತಟ್ಟೆ ಇಟ್ಟರೆ ಸಾಕು.